ಹಿಮ ನೋಡದ ಮಕ್ಕಳಿಗೆ ಹಿಮಕರಡಿ: ಪುಟ್ಟ ಕೈಗಳು ಕಾಗದದಲ್ಲಿ ಮಾಡಬಲ್ಲ ಚಳಿಗಾಲದ ಪ್ರಾಣಿಗಳು

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿದ್ದೇವೆ. ಮಗಳಿಗೆ ಐದೂವರೆ ವರ್ಷ, ಮಗನಿಗೆ ಈಗಷ್ಟೇ ಮೂರು ತುಂಬಿದೆ. ಮಗಳ ಶಾಲೆಯಲ್ಲಿ ಡಿಸೆಂಬರ್ ತಿಂಗಳಿಗೆ ‘ಚಳಿಗಾಲದ ಪ್ರಾಣಿಗಳು’ ಅಂತ ವಿಷಯ ಕೊಟ್ಟಿದ್ದಾರೆ. ಕಾಗದದಲ್ಲಿ ಏನಾದರೂ ಮಾಡಿ ತರಬೇಕಂತೆ. ವಿಡಿಯೋ ನೋಡಿಕೊಂಡು ಮಾಡಲು ಕೂತರೆ ಕೊನೆಗೆ ನಾನೇ ಕತ್ತರಿಸಿ ನಾನೇ ಅಂಟಿಸುತ್ತೇನೆ. ಮಗಳು ನೋಡುತ್ತಾ ಕೂರುತ್ತಾಳೆ, ಮಗ ಐದು ನಿಮಿಷಕ್ಕೆ ಎದ್ದು ಓಡುತ್ತಾನೆ. ಇಬ್ಬರೂ ಸೇರಿ ಮಾಡಬಹುದಾದ ಸುಲಭದ ಪ್ರಾಣಿಗಳು ಯಾವುವು? ಹಿಮವನ್ನೇ ನೋಡದ ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳೋದು? ನೋಡಲು ಚೆನ್ನಾಗಿಲ್ಲದಿದ್ದರೆ ಟೀಚರ್ ಏನಂದುಕೊಳ್ಳುತ್ತಾರೋ ಅನ್ನೋ ಚಿಂತೆಯೂ ಇದೆ.

ಉತ್ತರ: ನಿಮ್ಮ ಮಗ ಐದು ನಿಮಿಷಕ್ಕೆ ಎದ್ದು ಓಡುವುದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಅಲ್ಲಿ ಕೆಲಸವೇ ಇಲ್ಲ, ಅದಕ್ಕೇ ಓಡುತ್ತಾನೆ. ವಿಡಿಯೋಗಳಲ್ಲಿ ಬರುವ ಮುದ್ದಾದ ಪ್ರಾಣಿಗಳಲ್ಲಿ ಹೆಚ್ಚಿನವು ದೊಡ್ಡವರ ಕೈಗೆ ಹೇಳಿ ಮಾಡಿಸಿದಂಥವು. ದುಂಡಗೆ ಕತ್ತರಿಸಬೇಕು, ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು, ಸಣ್ಣ ಕಣ್ಣು ಅಂಟಿಸಬೇಕು. ಮೂರರ ಮಗುವಿಗೆ ಇದರಲ್ಲಿ ಒಂದೂ ಆಗುವುದಿಲ್ಲ. ಐದರ ಮಗುವಿಗೆ ಅರ್ಧ ಆಗುತ್ತದೆ, ಆದರೆ ಅಮ್ಮನಷ್ಟು ಚೆನ್ನಾಗಿ ಬರಲಿಲ್ಲ ಅಂತ ಕೈಬಿಡುತ್ತದೆ.

ಮಕ್ಕಳಿಗೆ ಕಾಗದದ ಕೆಲಸ ಕಲಿಸುವಾಗ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಪ್ರಾಣಿಗೂ ಅದನ್ನು ಬೇರೆಲ್ಲದರಿಂದ ಬೇರೆ ಮಾಡುವ ಒಂದು ಗುಣ ಇರುತ್ತದೆ. ಹಿಮಕರಡಿಗೆ ಬಿಳಿ ತುಪ್ಪಳ, ಪೆಂಗ್ವಿನ್‌ಗೆ ಪಾದದ ಮೇಲಿನ ಮೊಟ್ಟೆ, ಹಿಮನರಿಗೆ ಬಣ್ಣ ಬದಲಿಸುವ ಮೈ, ಹಿಮಚಿರತೆಗೆ ಚುಕ್ಕೆ ಮತ್ತು ಬಾಲ. ಆ ಒಂದು ಗುಣವನ್ನು ಮಗುವೇ ಮಾಡಬೇಕು. ಉಳಿದದ್ದನ್ನು ನೀವು ಹಿಂದಿನ ರಾತ್ರಿಯೇ ಕತ್ತರಿಸಿ ಇಟ್ಟುಬಿಡಿ, ಪರವಾಗಿಲ್ಲ. ಆಕಾರ ನಿಮ್ಮದು, ಪ್ರಾಣಿ ಮಗುವಿನದು. ಹೀಗೆ ಮಾಡಿದರೆ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಸಿಗುತ್ತದೆ. ಆ ಗುಣವನ್ನು ಕೈಯಾರೆ ಮಾಡುವಾಗ ಅದು ಯಾಕೆ ಹಾಗಿದೆ ಅಂತ ಮಗುವೇ ಕೇಳುತ್ತದೆ. ನೀವು ಹೇಳಬೇಕಾದ್ದನ್ನು ಆಗ ಹೇಳಿದರೆ ಸಾಕು.

ಮೊದಲು ಕೈಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೂರು ವರ್ಷದ ಮಗುವಿಗೆ ಹರಿಯುವುದು, ಮುದುಡುವುದು, ಅಂಟಿಸುವುದು, ಒತ್ತುವುದು ಚೆನ್ನಾಗಿ ಬರುತ್ತದೆ. ಕತ್ತರಿಯಲ್ಲಿ ಒಂದು ಕಚ್ಚು ಕತ್ತರಿಸಬಲ್ಲದು, ಆದರೆ ಕತ್ತರಿಯನ್ನು ಮುಂದಕ್ಕೆ ನಡೆಸಿಕೊಂಡು ಹೋಗಲು ಇನ್ನೂ ಬಾರದು. ನಾಲ್ಕರ ಹೊತ್ತಿಗೆ ನೇರ ಗೆರೆ, ಐದರ ಹೊತ್ತಿಗೆ ಬಾಗಿದ ಗೆರೆ ಸಾಮಾನ್ಯವಾಗಿ ಕೈಗೆ ಬರುತ್ತದೆ. ಮಕ್ಕಳಿಂದ ಮಕ್ಕಳಿಗೆ ಒಂದು ವರ್ಷ ಹಿಂದೆ ಮುಂದೆ ಆಗುವುದು ಸಹಜ. ನಿಮ್ಮ ಮಗನಿಗೆ ಕತ್ತರಿ ಕೊಡುವುದಾದರೆ ತುದಿ ಮೊಂಡಾದದ್ದು ಕೊಡಿ. ಜೊತೆಗೆ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಯನ್ನೂ ಕೊಡಿ. ಅಷ್ಟು ಅಗಲವಾದರೆ ಒಂದೇ ಕಚ್ಚಿಗೆ ತುಂಡಾಗಿ ಬೀಳುತ್ತದೆ, ಅವನಿಗೆ ಖುಷಿಯಾಗುತ್ತದೆ. ತೆಳು ಕಾಗದ ಬೇಡ, ಅದು ಕತ್ತರಿಯ ನಡುವೆ ಮಡಿಚಿಕೊಳ್ಳುತ್ತದೆ. ಹಳೆಯ ಮದುವೆ ಆಮಂತ್ರಣ ಪತ್ರಿಕೆಯ ದಪ್ಪ ಕಾಗದ ಇದಕ್ಕೆ ತುಂಬಾ ಒಳ್ಳೆಯದು. ಹೆಬ್ಬೆರಳು ಮೇಲಕ್ಕೆ ಬರುವಂತೆ ಕತ್ತರಿ ಹಿಡಿಸಿ. ಬಿದ್ದ ತುಂಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ಎಲ್ಲ ಪ್ರಾಣಿಗಳ ಕಾಲಡಿಗೂ ಅದೇ ಹಿಮ.

ಹರಿಯುವುದಕ್ಕೂ ಒಂದು ಕ್ರಮ ಇದೆ. ಮಕ್ಕಳು ಕಾಗದವನ್ನು ಎರಡೂ ತುದಿಯಲ್ಲಿ ಹಿಡಿದು ಆಚೆ ಈಚೆ ಎಳೆಯುತ್ತಾರೆ, ಅದು ಹರಿಯುವುದೇ ಇಲ್ಲ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಅಕ್ಕಪಕ್ಕದಲ್ಲೇ ಇರಬೇಕು. ಆಮೇಲೆ ಒಂದು ಕೈ ತನ್ನ ಕಡೆಗೆ, ಇನ್ನೊಂದು ಕೈ ಆಚೆಗೆ. ಅಂಚಿನಲ್ಲಿ ನೀವೇ ಒಂದು ಸಣ್ಣ ಕಚ್ಚು ಹಾಕಿಕೊಟ್ಟರೆ ಶುರು ಮಾಡುವುದು ಸುಲಭ. ಒಂದು ಹಾಳೆ ದಿನಪತ್ರಿಕೆ ತೆಗೆದುಕೊಂಡು ಈಗಲೇ ಹರಿದು ನೋಡಿ. ಮೇಲಿಂದ ಕೆಳಕ್ಕೆ, ಅಂಕಣಗಳ ಉದ್ದಕ್ಕೆ ಹರಿದರೆ ಪಟ್ಟಿ ನೇರವಾಗಿ ಬರುತ್ತದೆ. ಅಡ್ಡಲಾಗಿ ಹರಿದರೆ ಅಂಕುಡೊಂಕಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ, ಅದಕ್ಕೇ ಹೀಗೆ. ಉದ್ದ ಪಟ್ಟಿ ಬೇಕಾದಾಗ ನಾರಿನ ಉದ್ದಕ್ಕೆ ಹರಿಯಿರಿ. ತುಪ್ಪಳದಂಥ ಒರಟು ಅಂಚು ಬೇಕಾದಾಗ ಅಡ್ಡಲಾಗಿ ಹರಿಯಿರಿ. ಐದೂವರೆಯ ಮಗಳಿಗೆ ಈ ಗುಟ್ಟು ಹೇಳಿಕೊಡಿ. ಮನೆಯಲ್ಲಿರುವ ಕಾಗದವನ್ನೆಲ್ಲ ಪರೀಕ್ಷೆ ಮಾಡಿಬಿಡುತ್ತಾಳೆ!

ಸಾಮಾನು ಜಾಸ್ತಿ ಬೇಡ. ಕಪ್ಪು, ನೀಲಿ, ಬೂದು ಬಣ್ಣದ ಚಾರ್ಟ್ ಪೇಪರ್ ಒಂದೊಂದು, ಕಂದು ಬಣ್ಣದ ಗ್ಲೇಸ್ ಪೇಪರ್, ಬಿಳಿ ಟಿಶ್ಯೂ, ಹಳೆಯ ನೋಟ್‌ಬುಕ್ ಹಾಳೆ, ದಿನಪತ್ರಿಕೆ. ನೀಲಿ ಚಾರ್ಟ್ ಮರೆಯಬೇಡಿ. ಬಿಳಿ ಪ್ರಾಣಿಯನ್ನು ಬಿಳಿ ಹಾಳೆಯ ಮೇಲೆ ಅಂಟಿಸಿದರೆ ಮಗುವಿಗೆ ಅದು ಕಾಣುವುದೇ ಇಲ್ಲ. ಅಂಟಿಗೆ ಫೆವಿಕಾಲ್ ಆಗುತ್ತದೆ, ಆದರೆ ಬಾಟಲಿ ಕೈಗೆ ಕೊಡಬೇಡಿ. ಮುಚ್ಚಳದಲ್ಲಿ ಸ್ವಲ್ಪ ಹಾಕಿ ಬೆರಳಿಂದ ಹಚ್ಚಲು ಹೇಳಿ. ಅಂಟು ಜಾಸ್ತಿಯಾದರೆ ಕಾಗದ ನೆನೆದು ಸುಕ್ಕಾಗುತ್ತದೆ. ಮಗನಿಗೆ ಮೈದಾ ಅಂಟೇ ವಾಸಿ. ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಹತ್ತು ಚಮಚದಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಹಿಟ್ಟಿನ ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ. ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಬರುತ್ತದೆ. ಪುಸ್ತಕ ಬೈಂಡಿಂಗ್ ಮಾಡುವವರು ಹುಳ ಬರದಿರಲಿ ಅಂತ ಇಂಥ ಅಂಟಿಗೆ ಮೈಲುತುತ್ತ ಹಾಕುವುದುಂಟು. ಮಕ್ಕಳ ಅಂಟಿಗೆ ಅದು ಖಂಡಿತ ಬೇಡ, ಅದು ವಿಷ. ಅಂಗಡಿಯಲ್ಲಿ ಸಿಗುವ ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಮಣಿ, ಥರ್ಮೋಕೋಲ್ ಕಾಳು ಇವೂ ಬೇಡ. ಮೂರು ವರ್ಷದ ಮಗು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಅಪಾಯ ಇದೆ. ಪಂಚಿಂಗ್ ಯಂತ್ರದಲ್ಲಿ ಬೀಳುವ ಕಾಗದದ ಚುಕ್ಕೆಯನ್ನೇ ಕಣ್ಣಾಗಿ ಅಂಟಿಸಿ. ಸ್ಟೇಪ್ಲರ್ ಬದಲು ಟೇಪ್ ಸಾಕು.

ಮೊದಲ ಪ್ರಾಣಿ ಹಿಮಕರಡಿಯೇ ಇರಲಿ, ಯಾಕೆಂದರೆ ಇದರಲ್ಲಿ ನಿಮ್ಮ ಮಗನಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಇದೆ. ಸಾಮಾನ್ಯವಾಗಿ ಬಿಳಿ ಕಾಗದದಲ್ಲಿ ಕರಡಿ ಕತ್ತರಿಸಿ ಮೇಲೆ ಹತ್ತಿ ಅಂಟಿಸಲು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಹತ್ತಿ ಕಾಗದಕ್ಕಿಂತ ಬೆರಳಿಗೇ ಜಾಸ್ತಿ ಅಂಟುತ್ತದೆ, ಮಗು ಕಿರಿಕಿರಿ ಮಾಡಿಕೊಳ್ಳುತ್ತದೆ. ನೀವು ಕರಡಿಯನ್ನು ಕಪ್ಪು ಚಾರ್ಟ್‌ನಲ್ಲಿ ಕತ್ತರಿಸಿ. ಹೌದು, ಕಪ್ಪಿನಲ್ಲೇ. ಹಿಮಕರಡಿಯ ಚರ್ಮ ನಿಜಕ್ಕೂ ಕಪ್ಪು. ಅದರ ಕೂದಲು ಕೂಡ ಬಿಳಿಯಲ್ಲ, ಬಣ್ಣವೇ ಇಲ್ಲದ ಪಾರದರ್ಶಕ ಕೂದಲು. ಬೆಳಕು ಅದರ ಮೇಲೆ ಬಿದ್ದು ಚದುರುವುದರಿಂದ ನಮಗೆ ಬಿಳಿಯಾಗಿ ಕಾಣುತ್ತದೆ. ಮಗಳಿಗೆ ಸಕ್ಕರೆ ಡಬ್ಬಿ ತೋರಿಸಿ. ಒಂದು ಹರಳು ಬೆರಳ ಮೇಲಿಟ್ಟು ನೋಡಿದರೆ ಗಾಜಿನಂತೆ ಇರುತ್ತದೆ, ಡಬ್ಬಿ ತುಂಬ ಇದ್ದಾಗ ಬೆಳ್ಳಗೆ ಕಾಣುತ್ತದೆ, ಅಲ್ವಾ? ಕರಡಿಯ ತುಪ್ಪಳವೂ ಹಾಗೆಯೇ.

ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಮೊಟ್ಟೆಯಾಕಾರದ ಮೈ, ನಾಲ್ಕು ದಪ್ಪ ಕಾಲು, ಸ್ವಲ್ಪ ಉದ್ದನೆಯ ಕತ್ತು, ಸಣ್ಣ ಕಿವಿ. ಎ4 ಹಾಳೆಯ ಅಳತೆಗಿಂತ ಚಿಕ್ಕದು ಬೇಡ. ಮಗ ಟಿಶ್ಯೂ ಮತ್ತು ನೋಟ್‌ಬುಕ್ ಹಾಳೆಯನ್ನು ಅಡ್ಡಡ್ಡ ಹರಿದು ರಾಶಿ ಹಾಕಲಿ. ಕಪ್ಪು ಕರಡಿಯ ಮೇಲೆ ನೀವು ಅಂಟು ಹಚ್ಚಿಕೊಡಿ. ತುಂಡುಗಳಿಗೆ ಅವನು ಅಂಟು ಹಚ್ಚುವುದು ಬೇಡ, ಸುಮ್ನೆ ಇಟ್ಟು ಒತ್ತಿದರೆ ಸಾಕು. ಹಿಂಗಾಲಿನಿಂದ ಶುರು ಮಾಡಿ ತಲೆಯ ಕಡೆಗೆ ಬನ್ನಿ. ಹಾಗೆ ಮಾಡಿದರೆ ಒಂದರ ಮೇಲೊಂದು ತುಂಡು ಕೂತು ತುಪ್ಪಳ ಹಿಂದಕ್ಕೆ ಬಾಚಿದಂತೆ ಕಾಣುತ್ತದೆ. ಮೂಗು, ಕಣ್ಣು, ಪಾದದಡಿ ಇವಿಷ್ಟನ್ನೂ ಮಗಳು ಕಾಯಬೇಕು. ಅಲ್ಲಿ ಬಿಳಿ ತುಂಡು ಬೀಳಬಾರದು. ಕಡೆಗೆ ಕಪ್ಪು ಮೂಗು ತಾನಾಗಿಯೇ ಉಳಿದಿರುತ್ತದೆ, ಅದನ್ನು ಬರೆಯಬೇಕಿಲ್ಲ, ಅಂಟಿಸಬೇಕಿಲ್ಲ. ಅಲ್ಲಲ್ಲಿ ಕಪ್ಪು ಇಣುಕಿದರೆ ಬಿಡಿ, ತಪ್ಪೇನಿಲ್ಲ. ಅಲ್ಲಿ ಕಾಣುವುದು ಅದರ ಚರ್ಮವೇ.

ಕರಡಿ ಒಣಗುವ ಹೊತ್ತಿನಲ್ಲಿ ಇನ್ನೊಂದು ಮಾಡಿ, ಇದಕ್ಕೆ ಕಾಗದ ಬೇಡ. ಒಂದು ಪ್ಲಾಸ್ಟಿಕ್ ಕವರ್ ಒಳಗೆ ಇನ್ನೊಂದನ್ನು ಇಟ್ಟು, ಎರಡರ ನಡುವೆ ವನಸ್ಪತಿ ಅಥವಾ ಗಟ್ಟಿ ತುಪ್ಪ ತುಂಬಿ. ಒಳಗಿನ ಕವರ್‌ಗೆ ಮಗಳ ಕೈ ತೂರಿಸಿ ಐಸ್ ನೀರಿನಲ್ಲಿ ಮುಳುಗಿಸಿ. ಇನ್ನೊಂದು ಕೈ ಬರಿಗೈಯಾಗಿ ಅದೇ ನೀರಲ್ಲಿ ಇರಲಿ. ಕವರ್ ಆಟದ ಸಾಮಾನಲ್ಲ, ನೀವು ಪಕ್ಕದಲ್ಲೇ ಇದ್ದು ಮುಗಿದ ಕೂಡಲೇ ಎತ್ತಿಡಿ. ಹಿಮಕರಡಿಗೆ ಚರ್ಮದ ಕೆಳಗೆ 10 ಸೆಂ.ಮೀ. ವರೆಗೂ ದಪ್ಪದ ಕೊಬ್ಬು ಇರುತ್ತದೆ. ಹುಬ್ಬಳ್ಳಿಯ ಮಕ್ಕಳಿಗೆ ಧ್ರುವದ ಚಳಿ ಅಂದರೇನು, ಅಲ್ಲಿ ಬದುಕುವುದು ಹೇಗೆ ಅಂತ ಎಷ್ಟು ಮಾತಾಡಿ ಹೇಳಿದರೂ ಆ ಎರಡು ಕೈಗಳಿಗೆ ತಿಳಿಯುವಷ್ಟು ತಿಳಿಯುವುದಿಲ್ಲ.

ಪೆಂಗ್ವಿನ್ ಮಾಡುವಾಗ ಒಂದು ಮಾತು ನೆನಪಿಡಿ. ಅದನ್ನು ಕರಡಿಯ ಪಕ್ಕದಲ್ಲಿ ಅಂಟಿಸಬೇಡಿ. ಅಂಗಡಿಯ ಚಿತ್ರಗಳಲ್ಲಿ ಎರಡೂ ಕೈಕೈ ಹಿಡಿದು ನಿಂತಿರುತ್ತವೆ. ಕರಡಿ ಇರುವುದು ಉತ್ತರ ಧ್ರುವದ ಸುತ್ತ, ನಾವು ಮಾಡುವ ಎಂಪರರ್ ಪೆಂಗ್ವಿನ್ ಇರುವುದು ದಕ್ಷಿಣದ ಅಂಟಾರ್ಕ್ಟಿಕಾದಲ್ಲಿ. ಎರಡೂ ಎಂದೂ ಭೇಟಿಯಾಗುವುದಿಲ್ಲ. ಇನ್ನೂ ಒಂದು ವಿಷಯ ಮಗಳಿಗೆ ಇಷ್ಟವಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಅಲ್ಲಿ ಚಳಿಗಾಲ ಬರುವುದು ಜೂನ್, ಜುಲೈನಲ್ಲಿ, ನಮ್ಮಲ್ಲಿ ಮಳೆ ಸುರಿಯುವಾಗ. ಎಂಪರರ್ ಪೆಂಗ್ವಿನ್ ಮೊಟ್ಟೆ ಇಡುವುದು ಆ ಚಳಿಯ ಶುರುವಿನಲ್ಲೇ, ಮೇ-ಜೂನ್ ಹೊತ್ತಿಗೆ. ಮೊಟ್ಟೆ ಇಟ್ಟ ತಾಯಿ ಆಹಾರಕ್ಕಾಗಿ ಸಮುದ್ರಕ್ಕೆ ಹೋಗುತ್ತದೆ. ತಂದೆ ಸುಮಾರು 65 ದಿನ ಏನೂ ತಿನ್ನದೆ ಮೊಟ್ಟೆಯನ್ನು ಪಾದಗಳ ಮೇಲೆ ಇಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯನ್ನು ಅದರ ಮೇಲೆ ಹೊದಿಸಿಕೊಂಡು ನಿಲ್ಲುತ್ತದೆ. ಎತ್ತರ ಒಂದು ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಹತ್ತಿರ ಹತ್ತಿರ ನಿಮ್ಮ ಮಗಳಷ್ಟೇ.

ಹಾಗಾಗಿ ಇಲ್ಲಿ ಮಗು ಮಾಡಬೇಕಾದದ್ದು ಮೊಟ್ಟೆ ಮತ್ತು ಆ ಮಡಿಕೆ. ಕಪ್ಪು ಚಾರ್ಟ್‌ನಲ್ಲಿ ಸುಮಾರು 20 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಆಯತ ಕತ್ತರಿಸಿಕೊಡಿ. ಮಗಳು ಎಡ ಬಲದ ಅಂಚುಗಳನ್ನು ನಡುವಿಗೆ ಮಡಿಚಲಿ, ಕಪಾಟಿನ ಎರಡು ಬಾಗಿಲು ಮುಚ್ಚಿದ ಹಾಗೆ. ಉಗುರಿನಿಂದ ಗೆರೆ ಗಟ್ಟಿಯಾಗಿ ತೀಡಲಿ. ಬಾಗಿಲು ತೆರೆದರೆ ಅವು ರೆಕ್ಕೆ. ಒಳಗೆ ಅಂಟಿಸಲು ಬಿಳಿ ಕಾಗದ ಒಂದು, ಅದು ಕೆಳಗೆ ಐದಾರು ಸೆಂ.ಮೀ. ಜಾಸ್ತಿ ಉದ್ದ ಇರಲಿ. ಅಂಟನ್ನು ಮೇಲ್ಭಾಗಕ್ಕೆ ಮಾತ್ರ ಹಚ್ಚಿ, ಕೆಳಗಿನ ಉದ್ದದ ಭಾಗವನ್ನು ಮುಂದಕ್ಕೆ ಮೇಲಕ್ಕೆ ಮಡಿಚಿದರೆ ಅದೇ ಹೊಟ್ಟೆಯ ಮಡಿಕೆ. ಹಿಂದಿನಿಂದ ಎರಡು ದೊಡ್ಡ ಕಪ್ಪು ಪಾದ ಅಂಟಿಸಿ. ಎಂಪರರ್‌ನ ಪಾದ ಕಪ್ಪೇ, ಚಿತ್ರಗಳಲ್ಲಿ ಇರುವಂತೆ ಕಿತ್ತಳೆಯಲ್ಲ. ತಲೆ ಬೇರೆ ತುಂಡು. ಅದಕ್ಕೆ ಕಿವಿಯ ಹತ್ತಿರ ಹಳದಿ ಬಣ್ಣದ ತೇಪೆ ಹಾಕುವ ಕೆಲಸ ಮಗನದು, ಬೆರಳನ್ನು ಹಳದಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಆಯಿತು. ಮಗಳು ಬಿಳಿ ಮೊಟ್ಟೆ ಕತ್ತರಿಸಿ, ಅದರ ಹಿಂಬದಿಯಲ್ಲಿ ಬೂದು ಬಣ್ಣದ ಮರಿ ಬರೆದು, ಪಾದದ ಮೇಲಿಟ್ಟು ಮಡಿಕೆ ಹೊದಿಸಲಿ. ಮೊಟ್ಟೆಯನ್ನು ಅಂಟಿಸಬೇಡಿ. ತೆಗೆದು ಇಟ್ಟು ಆಡುವುದರಲ್ಲೇ ಮಜಾ ಇರುವುದು. ಕಾಗದ ಉಳಿದಿದ್ದರೆ ನಾಲ್ಕೈದು ಪೆಂಗ್ವಿನ್ ಮಾಡಿ ಒತ್ತೊತ್ತಾಗಿ ನಿಲ್ಲಿಸಿ. ನಿಜದಲ್ಲೂ ಆ ತಂದೆಯರು ಬೆಚ್ಚಗಿರಲು ಗುಂಪುಗಟ್ಟಿ ನಿಲ್ಲುತ್ತವೆ, ಹೊರಗಿದ್ದವು ಮೆಲ್ಲಗೆ ಒಳಕ್ಕೆ, ಒಳಗಿದ್ದವು ಹೊರಕ್ಕೆ ಸರಿಯುತ್ತಾ ಇರುತ್ತವೆ. ಮಕ್ಕಳಿಗೆ ಅದನ್ನೂ ಆಡಿಸಬಹುದು.

ಹಿಮನರಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಕತ್ತರಿಯೂ ಬೇಡ, ಅಂಟೂ ಬೇಡ. ಗ್ಲೇಸ್ ಪೇಪರ್‌ಗೆ ಒಂದು ಕಡೆ ಬಣ್ಣ, ಇನ್ನೊಂದು ಕಡೆ ಬಿಳಿ. ಹಿಮನರಿಯದ್ದೂ ಅದೇ ಕಥೆ, ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಕಂದು ಗ್ಲೇಸ್ ಪೇಪರ್‌ನ 15 ಸೆಂ.ಮೀ. ಚೌಕಗಳು ಎರಡು ಬೇಕು. ಒಂದನ್ನು ಬಣ್ಣ ಹೊರಗೆ ಬರುವಂತೆ ಮೂಲೆಯಿಂದ ಮೂಲೆಗೆ ಮಡಿಚಿ ತ್ರಿಕೋನ ಮಾಡಿ. ಉದ್ದದ ಅಂಚು ನಿಮ್ಮ ಕಡೆಗಿರಲಿ. ಮೇಲಿನ ತುದಿಯನ್ನು ಮೂರನೇ ಒಂದು ಭಾಗದಷ್ಟು ಕೆಳಕ್ಕೆ ಮಡಿಚಿ. ಈಗ ಉದ್ದದ ಅಂಚಿನ ನಡುಬಿಂದುವಿನಿಂದ ಎಡ ಮೂಲೆಯನ್ನೂ ಬಲ ಮೂಲೆಯನ್ನೂ ಓರೆಯಾಗಿ ಮೇಲಕ್ಕೆ ಮಡಿಚಿ, ತುದಿಗಳು ಕಿವಿಯ ಹಾಗೆ ಮೇಲೆ ನಿಲ್ಲಬೇಕು. ತಿರುಗಿಸಿ ನೋಡಿ. ಚೂಪು ಗಲ್ಲದ ನರಿಯ ಮುಖ! ಎರಡನೇ ಚೌಕವನ್ನು ಬಿಳಿ ಹೊರಗೆ ಬರುವಂತೆ ಇಟ್ಟು ಇದನ್ನೇ ಮಾಡಿದರೆ ಅದೇ ನರಿ ಚಳಿಗಾಲದಲ್ಲಿ. ಮಡಿಕೆ ಪೂರ್ತಿ ಮಗಳದ್ದು, ಕಣ್ಣು ಮೂಗಿನ ಚುಕ್ಕೆ ಮಗನದ್ದು. ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಐಸ್‌ಕ್ರೀಂ ಕಡ್ಡಿಗೆ ಟೇಪ್ ಹಾಕಿದರೆ, ಕಡ್ಡಿ ತಿರುಗಿಸಿದಾಗ ಋತು ಬದಲಾಗುತ್ತದೆ.

ಗ್ಲೇಸ್ ಪೇಪರ್‌ನಿಂದ ಇನ್ನೊಂದು ಉಪಯೋಗ ಇದೆ. ಅದನ್ನು ಕೈಯಿಂದ ಹರಿದರೆ ಎರಡು ತುಂಡಿನಲ್ಲಿ ಒಂದಕ್ಕೆ ಬಿಳಿ ಅಂಚು ಉಳಿಯುತ್ತದೆ. ನೀಲಿ ಗ್ಲೇಸ್ ಪೇಪರ್ ಹರಿದು ಬಿಳಿ ಅಂಚು ಮೇಲೆ ಬರುವಂತೆ ಅಂಟಿಸಿ. ಹಿಮ ಹೊದ್ದ ಬೆಟ್ಟದ ಸಾಲು ಸಿಗುತ್ತದೆ. ಕೆಳಗಿನ ಪ್ರಾಣಿಗೆ ಅದು ಬೇಕು.

ಹಿಮಚಿರತೆ ನಮ್ಮ ದೇಶದ್ದೇ ಪ್ರಾಣಿ. ಶಾಲೆಯ ಚಾರ್ಟ್‌ಗಳಲ್ಲಿ ಇದನ್ನು ಯಾಕೆ ಬಿಟ್ಟುಬಿಡುತ್ತಾರೋ ಅಂತ ನನಗೆ ಬೇಸರವಿದೆ. ಲಡಾಖ್, ಕಾಶ್ಮೀರ, ಹಿಮಾಚಲ, ಉತ್ತರಾಖಂಡ, ಸಿಕ್ಕಿಂ, ಅರುಣಾಚಲದ ಎತ್ತರದ ಬೆಟ್ಟಗಳಲ್ಲಿ ಇವು ಇವೆ. 2024ರಲ್ಲಿ ಹೊರಬಂದ ದೇಶದ ಮೊದಲ ಗಣತಿ ಪ್ರಕಾರ ಭಾರತದಲ್ಲಿರುವ ಹಿಮಚಿರತೆಗಳು 718, ಅದರಲ್ಲಿ 477 ಲಡಾಖ್‌ನಲ್ಲೇ. ಮೈಮೇಲೆ ಬೂದು ಬಣ್ಣ, ಅದರ ಮೇಲೆ ನಡುವೆ ಖಾಲಿ ಇರುವ ಕಪ್ಪು ಚುಕ್ಕೆಗಳು. ಈ ಚುಕ್ಕೆಗೆ ಅಡುಗೆಮನೆಯಲ್ಲೇ ಅಚ್ಚು ಇದೆ, ಬೆಂಡೆಕಾಯಿ. ಸ್ವಲ್ಪ ಬಲಿತ ಬೆಂಡೆಯನ್ನು ಅಡ್ಡಕ್ಕೆ ಕತ್ತರಿಸಿ, ಲೋಳೆಯನ್ನು ಬಟ್ಟೆಯಲ್ಲಿ ಒರೆಸಿ. ನೆನೆಸಿ ಹಿಂಡಿದ ಬಟ್ಟೆಯ ಮೇಲೆ ಕಪ್ಪು ಪೋಸ್ಟರ್ ಕಲರ್ ಹರಡಿ, ಬೆಂಡೆಯನ್ನು ಅದಕ್ಕೆ ಮುಟ್ಟಿಸಿ ಕಾಗದದ ಮೇಲೆ ಒತ್ತಿಸಿ. ನೇರವಾಗಿ ಬಣ್ಣದ ಬಟ್ಟಲಿಗೆ ಅದ್ದಿದರೆ ಬಣ್ಣ ಜಾಸ್ತಿಯಾಗಿ ಚುಕ್ಕೆ ಮುಚ್ಚಿಹೋಗುತ್ತದೆ. ಮೂರು ವರ್ಷದ ಮಗು ಈ ಕೆಲಸ ಬಿಟ್ಟು ಏಳುವುದಿಲ್ಲ. ಎದ್ದರೂ ಇನ್ನೊಂದು ಬೆಂಡೆಕಾಯಿ ಕೇಳಲು ಎದ್ದಿರುತ್ತಾನೆ. ಮುಖ, ಕಾಲುಗಳಿಗೆ ಬೆರಳ ತುದಿಯ ಸಣ್ಣ ಚುಕ್ಕೆ ಸಾಕು. ಅಲ್ಲಿ ನಿಜವಾದ ಚಿರತೆಗೂ ತುಂಬಿದ ಚುಕ್ಕೆಗಳೇ.

ಮೈಗೆ ಬೂದು ಚಾರ್ಟ್‌ನ ಎ4 ಅಳತೆಯ ತುಂಡನ್ನು ಅರ್ಧಕ್ಕೆ ಮಡಿಚಿ. ಮಡಿಕೆ ಮೇಲಿದ್ದರೆ ಅದೇ ಬೆನ್ನು. ತೆರೆದ ಕಡೆಯಿಂದ ಎರಡೂ ಪದರ ಸೇರಿಸಿ ಅರ್ಧಚಂದ್ರಾಕಾರ ತೆಗೆದರೆ ನಾಲ್ಕು ಕಾಲು ಉಳಿಯುತ್ತವೆ, ಚಿರತೆ ತಾನೇ ನಿಲ್ಲುತ್ತದೆ. ಆ ಬಾಗಿದ ಗೆರೆಯನ್ನು ಮಗಳು ಕತ್ತರಿಸಬಲ್ಲಳು. ಅಚ್ಚು ಹಾಕುವುದು ಮಾತ್ರ ಕತ್ತರಿಸುವ ಮೊದಲು, ಹಾಳೆ ಚಪ್ಪಟೆಯಾಗಿ ಇದ್ದಾಗಲೇ. ಬಾಲಕ್ಕೆ 25 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿ. ತೀರಾ ಉದ್ದವಾಯಿತು ಅಂತ ಕತ್ತರಿಸಬೇಡಿ. ಹಿಮಚಿರತೆಯ ಬಾಲ ಒಂದು ಮೀಟರ್ ಹತ್ತಿರ ಇರುತ್ತದೆ, ಬಂಡೆಯಿಂದ ಬಂಡೆಗೆ ಹಾರುವಾಗ ತೂಕ ಸಂಭಾಳಿಸಲು ಅದೇ ಬೇಕು. ಮಲಗುವಾಗ ಅದನ್ನೇ ಮುಖಕ್ಕೆ ಸುತ್ತಿಕೊಳ್ಳುತ್ತದೆ. ಪಟ್ಟಿಯನ್ನು ಪೆನ್ಸಿಲ್‌ಗೆ ಬಿಗಿಯಾಗಿ ಸುತ್ತಿ ಬಿಟ್ಟರೆ ಸುರುಳಿ ನಿಲ್ಲುತ್ತದೆ.

ಇದೇ ಮಡಿಕೆಯ ಮೈಯನ್ನು ಕಂದು ಕಾಗದದಲ್ಲಿ ಮಾಡಿ, ತಲೆಗೆ ಮಕ್ಕಳ ಅಂಗೈ ಗುರುತು ಕತ್ತರಿಸಿ ಕೊಂಬಾಗಿ ಅಂಟಿಸಿದರೆ ಹಿಮಸಾರಂಗ. ಇದರಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ. ದೊಡ್ಡ ಗಂಡುಗಳು ಚಳಿಗಾಲದ ಶುರುವಿನಲ್ಲೇ ಕೊಂಬು ಉದುರಿಸುತ್ತವೆ, ಹೆಣ್ಣು ಉಳಿಸಿಕೊಂಡಿರುತ್ತದೆ. ಮಗಳ ಅಂಗೈ ತಾಯಿಗೆ, ಮಗನ ಅಂಗೈ ಮರಿಗೆ.

ಇನ್ನು ನಮ್ಮ ಚಳಿಗಾಲದ ಪ್ರಾಣಿ. ಹಿಮ ನೋಡದ ಮಕ್ಕಳು ಅಂದಿರಿ, ಆದರೆ ಹಿಮ ದಾಟಿ ಬಂದ ಅತಿಥಿಗಳು ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದ್ದಾರೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆ. ಚಳಿ ಶುರುವಾದಾಗ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ಈ ಹಕ್ಕಿ 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ, ಪಟ್ಟಿಗೂ ಸೇರಿತು. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಪೆಂಗ್ವಿನ್ ತೋರಿಸಲು ನಮ್ಮಿಂದಾಗದು, ಇದನ್ನು ತೋರಿಸಬಹುದು. ಹಕ್ಕಿ ಬೆದರುತ್ತವೆ, ದೂರದಿಂದಲೇ ನೋಡಿ.

ಹೆಬ್ಬಾತಿಗೆ ದಿನಪತ್ರಿಕೆಗಿಂತ ಒಳ್ಳೆಯ ಕಾಗದ ಇಲ್ಲ. ಅಚ್ಚಾದ ಪುಟ ದೂರದಿಂದ ನೋಡಿದರೆ ಅದರ ಮೈಯ ತಿಳಿ ಬೂದು ಬಣ್ಣವೇ. ಮಗ ಒಂದು ಪೂರ್ತಿ ಹಾಳೆಯನ್ನು ಮುದುಡಿ ಉಂಡೆ ಮಾಡಲಿ. ಇದಕ್ಕೆ ಎರಡೂ ಕೈಯ ಬಲ ಬೇಕು, ಮಕ್ಕಳಿಗೆ ಅದು ಬಹಳ ಇಷ್ಟ. ಉಂಡೆಯನ್ನು ಅರ್ಧ ಹಾಳೆಯೊಳಗೆ ಸುತ್ತಿ ಒಂದು ತುದಿ ತಿರುಚಿದರೆ ಬಾಲ. ಇನ್ನೊಂದು ತುದಿಗೆ, ಬಿಳಿ ಕಾಗದವನ್ನು ಸುರುಳಿ ಸುತ್ತಿ ಮಾಡಿದ ಬೆರಳುದ್ದದ ಕತ್ತನ್ನು ತೂರಿಸಿ ಟೇಪ್ ಹಾಕಿ. ಕತ್ತಿನ ಹಿಂಭಾಗಕ್ಕೆ ಕಪ್ಪು ಸ್ಕೆಚ್ ಪೆನ್ ಬಳಿಯಿರಿ, ಎರಡು ಪಕ್ಕ ಬಿಳಿಯಾಗಿಯೇ ಉಳಿಯಲಿ. ಕತ್ತಿನ ತುದಿಯನ್ನು ಮುಂದಕ್ಕೆ ಬಗ್ಗಿಸಿದರೆ ತಲೆ, ಅದಕ್ಕೆ ಹಳದಿ ಕೊಕ್ಕು. ಹಕ್ಕಿಗೆ ಹೆಸರು ತಂದ ಪಟ್ಟೆ ಎರಡನ್ನೂ ಮಗಳು ಬರೆಯಬೇಕು. ಮೊದಲನೆಯದು ಒಂದು ಕಣ್ಣಿನಿಂದ ನೆತ್ತಿಯ ಹಿಂದೆ ಸುತ್ತಿ ಇನ್ನೊಂದು ಕಣ್ಣಿಗೆ. ಎರಡನೆಯದು ಅದರ ಕೆಳಗೆ, ಸ್ವಲ್ಪ ಚಿಕ್ಕದು. ಸರಿಯಾಗಿ ಎರಡೇ. ಪತ್ರಿಕೆಯ ಎರಡು ಪಟ್ಟಿಗಳನ್ನು ಬೀಸಣಿಗೆಯಂತೆ ಮಡಿಚಿ ರೆಕ್ಕೆ ಮಾಡಿ, ಬೆನ್ನಿಗೆ ದಾರ ಕಟ್ಟಿ ತೂಗುಬಿಡಿ. ಮುದುಡಿದ ಮೇಲೆ ಮಕ್ಕಳ ಕೈ ತೊಳೆಸಿ, ಪತ್ರಿಕೆಯ ಮಸಿ ಅಂಟಿರುತ್ತದೆ.

ಇದೆಲ್ಲವನ್ನೂ ಒಂದೇ ದಿನ ಹಿಡಿಯಬೇಡಿ. ದಿನಕ್ಕೆ ಒಂದು ಪ್ರಾಣಿ, ಅದೂ ಎರಡು ಸಲ ಕೂತು. ಬೆಳಗ್ಗೆ ಹರಿಯುವುದು, ಅಚ್ಚು ಹಾಕುವುದು. ಸಂಜೆ ಒಣಗಿದ ಮೇಲೆ ಮಡಿಚುವುದು, ಅಂಟಿಸುವುದು. ಮಗನಿಗೆ ಹತ್ತು ನಿಮಿಷದ ಕೆಲಸ ಸಾಕು. ಅವನ ಪಾಲು ಮೊದಲು ಬರುವಂತೆ ನೋಡಿಕೊಳ್ಳಿ, ಅಕ್ಕನಿಗಾಗಿ ಕಾಯುವಂತೆ ಮಾಡಬೇಡಿ. ಅಂಟಿಸಿದ ಹಾಳೆ ಸುರುಳಿ ಸುತ್ತುತ್ತಿದ್ದರೆ ಮುಕ್ಕಾಲು ಒಣಗಿದ ಮೇಲೆ ಎರಡು ಹಾಳೆ ಪತ್ರಿಕೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ರಾತ್ರಿಯಿಡೀ ಬಿಡಿ. ಒಂದು ಕಣ್ಣು ಮೇಲೆ ಒಂದು ಕೆಳಗೆ ಬಂದರೆ ಮಲಗಿದ ಮೇಲೆ ಎದ್ದು ಹೋಗಿ ಸರಿ ಮಾಡಬೇಡಿ. ಬೆಳಗ್ಗೆ ಮಕ್ಕಳಿಗೆ ಗೊತ್ತಾಗುತ್ತದೆ.

ಟೀಚರ್ ವಿಷಯಕ್ಕೆ ಬರೋಣ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಯಾವುದು ಮಗು ಮಾಡಿದ್ದು, ಯಾವುದು ಮನೆಯವರು ಮಾಡಿದ್ದು ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಹಾಗಾಗಿ ಶಾಲೆಗೆ ಪೆಂಗ್ವಿನ್ ಅಥವಾ ಹೆಬ್ಬಾತು ಕಳಿಸಿ, ಎರಡರಲ್ಲೂ ಮಗಳ ಕೈಕೆಲಸ ಜಾಸ್ತಿ ಇದೆ. ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿ: ಆಕಾರ ಕತ್ತರಿಸಿದ್ದು ಅಮ್ಮ, ಮಡಿಚಿದ್ದು, ಪಟ್ಟೆ ಬರೆದದ್ದು, ಮೊಟ್ಟೆ ಮಾಡಿದ್ದು ಮಗಳು, ಬಣ್ಣ ಒತ್ತಿದ್ದು ತಮ್ಮ. ಅದರ ಕೆಳಗೆ ಆ ಪ್ರಾಣಿಯ ಬಗ್ಗೆ ಮಗಳು ಹೇಳಿದ ಒಂದು ಮಾತನ್ನು ಅವಳ ಮಾತಿನಲ್ಲೇ, ತಿದ್ದದೆ ಬರೆಯಿರಿ.